ಒಂದೇ ದಿನದಲ್ಲಿ ನಮ್ಮ ಅಭಿಪ್ರಾಯ ಕೇಳಿ ಮುಗಿಸಿದವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಆಸ್ಟ್ರೇಲಿಯಾ ಒಕ್ಕೂಟ ಸರ್ಕಾರದ ಸಂವಹನ ಸಚಿವರು
ಹಾಗೂ ಸಂಸತ್ತಿನ ಉಭಯ ಸದನಗಳ ಸದಸ್ಯರು,
ಕ್ಯಾನ್‌ಬೆರಾ

ಮಾನ್ಯರೇ,

ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷ್ ಬಾರದೆಂದಲ್ಲ. 2024ರ ನವೆಂಬರಿನಲ್ಲಿ ಮಕ್ಕಳ ಸಾಮಾಜಿಕ ಜಾಲತಾಣ ಖಾತೆಗಳನ್ನು ನಿಷೇಧಿಸುವ ಮಸೂದೆಯ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಸುಮಾರು 15,000 ಮನವಿಗಳಿಗೆ ನೀವು ಯಾವ ಗತಿ ಕಾಣಿಸಿದಿರಿ ಎಂಬುದನ್ನು ನೋಡಿದ ಮೇಲೆ, ಯಾವ ಭಾಷೆಯಲ್ಲಿ ಬರೆದರೂ ಫಲ ಒಂದೇ ಎಂದು ಖಾತ್ರಿಯಾಗಿದೆ. ಕನ್ನಡದಲ್ಲಿ ಬರೆದರೆ ಸಿಡ್ನಿಯ ಪ್ಯಾರಮಟ್ಟಾ, ವೆಂಟ್‌ವರ್ತ್‌ವಿಲ್‌ಗಳಲ್ಲಿ, ಮೆಲ್ಬರ್ನಿನ ಟಾರ್ನೀಟ್, ಪಾಯಿಂಟ್ ಕುಕ್‌ಗಳಲ್ಲಿ ಇರುವ ನನ್ನ ಭಾಷೆಯ ಮತದಾರರಾದರೂ ಓದುತ್ತಾರೆ. ನಿಮಗೂ ಓದಬೇಕೆನಿಸಿದರೆ ಸರ್ಕಾರದ ಬಳಿಯೇ ಅನುವಾದ ಸೇವೆಯಿದೆ. ಅದರ ವೆಚ್ಚದಲ್ಲಿ ನನ್ನ ತೆರಿಗೆಯ ಪಾಲೂ ಇದೆ.

ನಾನು ಪಶ್ಚಿಮ ಸಿಡ್ನಿಯ ನಿವಾಸಿ, ಈ ದೇಶದ ಪೌರ, ಇಬ್ಬರು ಶಾಲಾ ಮಕ್ಕಳ ತಂದೆ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ಯಾವ ಪಕ್ಷಕ್ಕೂ ಸೇರಿದವನಲ್ಲ. ಲೇಬರ್ ಸರ್ಕಾರಕ್ಕೂ ಅದಕ್ಕೆ ಮುಂಚಿನ ಲಿಬರಲ್-ನ್ಯಾಷನಲ್ ಸರ್ಕಾರಕ್ಕೂ ಇಲ್ಲಿ ಬರುವ ಮಾತುಗಳು ಸಮಾನವಾಗಿ ಸಲ್ಲುತ್ತವೆ. ನನ್ನ ದೂರು ಇಷ್ಟೆ: ಜನರ ಖಾಸಗಿ ಬದುಕಿಗೆ ಕೈಹಾಕುವ ಕಾನೂನು ಮಾಡುವಾಗ ನಿಮಗೆ ಎಲ್ಲಿಲ್ಲದ ಅವಸರ. ಅದರಿಂದಾದ ಕೆಡುಕನ್ನು ಸರಿಪಡಿಸುವಾಗ ಮಾತ್ರ ವರ್ಷಗಳು ಸಾಲುವುದಿಲ್ಲ.

ಹದಿನಾರು ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆ ಇರಕೂಡದು ಎಂಬ ಮಸೂದೆಯನ್ನು ನೀವು ಮಂಡಿಸಿದ್ದು 2024ರ ನವೆಂಬರ್ 21, ಗುರುವಾರ. ಅದೇ ದಿನ ಅದನ್ನು ಸೆನೆಟ್ ಸಮಿತಿಯ ಪರಿಶೀಲನೆಗೆ ಒಪ್ಪಿಸಲಾಯಿತು. ಸಾರ್ವಜನಿಕರು ಅಭಿಪ್ರಾಯ ಕಳುಹಿಸಲು ಕೊಟ್ಟ ಗಡುವು ಮರುದಿನ ಶುಕ್ರವಾರಕ್ಕೆ ಮುಗಿಯಿತು. ಒಂದೆರಡು ಪುಟ ಮೀರಬೇಡಿ ಎಂಬ ಸೂಚನೆ ಬೇರೆ. ಸೋಮವಾರ ಒಂದೇ ದಿನ ವಿಚಾರಣೆ, ಮಂಗಳವಾರ ವರದಿ, ಬುಧವಾರ ಕೆಳಮನೆಯಲ್ಲಿ 102ಕ್ಕೆ 13 ಮತಗಳ ಒಪ್ಪಿಗೆ, ಗುರುವಾರ ರಾತ್ರಿ ಸೆನೆಟ್‌ನಲ್ಲಿ 34ಕ್ಕೆ 19. ಶುಕ್ರವಾರ ಬೆಳಿಗ್ಗೆ ಕೊನೆಯ ಶಾಸ್ತ್ರವೂ ಮುಗಿದು ವರ್ಷದ ಅಧಿವೇಶನಕ್ಕೆ ತೆರೆ ಬಿತ್ತು. ಜಗತ್ತಿನಲ್ಲೇ ಮೊದಲನೆಯದು ಎಂದು ನೀವು ಹೆಮ್ಮೆಯಿಂದ ಹೇಳಿಕೊಳ್ಳುವ ಕಾನೂನು ಹುಟ್ಟಿದ್ದು ಎಂಟೇ ದಿನಗಳಲ್ಲಿ. ಜಾರಿಗೆ ಬರುವುದಕ್ಕೆ ಮಾತ್ರ 2025ರ ಡಿಸೆಂಬರ್ 10ರವರೆಗೆ ಒಂದು ವರ್ಷದ ಅವಕಾಶವಿತ್ತು. ಆ ಒಂದು ವರ್ಷದಲ್ಲಿ ಒಂದು ತಿಂಗಳನ್ನು ನಮಗೆ ಕೊಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು?

ಈ ದೇಶದಲ್ಲಿ ಮತ ಹಾಕದೇ ಇದ್ದರೆ ದಂಡ ಕಟ್ಟಬೇಕು. ನಾಗರಿಕನ ಅಭಿಪ್ರಾಯ ಅಷ್ಟು ಅಮೂಲ್ಯವೆಂದು ಮೂರು ವರ್ಷಕ್ಕೊಮ್ಮೆ ನಂಬುವ ವ್ಯವಸ್ಥೆ, ಉಳಿದ ಸಮಯದಲ್ಲಿ ಅದಕ್ಕೆ ಒಂದು ದಿನದ ಬೆಲೆ ಕಟ್ಟುತ್ತದೆ. 15,000 ಮನವಿಗಳನ್ನು ಮೂರು ದಿನದಲ್ಲಿ ಯಾರು ಓದಿದರು, ಓದಿ ಏನನ್ನು ಬದಲಿಸಿದರು ಎಂದು ಕೇಳುವ ಹಕ್ಕು ಅವುಗಳನ್ನು ಬರೆದವರಿಗೆ ಇದೆ.

ಕಾನೂನಿನ ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ. ಮಕ್ಕಳ ಕೈಯಲ್ಲಿರುವ ಆ ಆ್ಯಪ್‌ಗಳನ್ನು ಹೇಗೆ ಕಟ್ಟುತ್ತಾರೆ ಎಂದು ಈ ವೃತ್ತಿಯಲ್ಲಿರುವ ನನಗೆ ಗೊತ್ತು; ಕಣ್ಣು ಕೀಳದಂತೆ ಹಿಡಿದಿಡುವುದೇ ಅಲ್ಲಿನ ಕಸುಬು. ನನ್ನ ನೆರೆಹೊರೆಯ ತಂದೆತಾಯಂದಿರಲ್ಲಿ ಹೆಚ್ಚಿನವರು ಈ ಕಾನೂನನ್ನು ಸ್ವಾಗತಿಸಿದರು. ತಪ್ಪಿದರೆ 4.95 ಕೋಟಿ ಡಾಲರ್‌ವರೆಗಿನ ದಂಡವನ್ನು ಕಂಪನಿಗಳ ಮೇಲೆ ಹೇರಿ, ಮಕ್ಕಳನ್ನೂ ಪೋಷಕರನ್ನೂ ಶಿಕ್ಷೆಯಿಂದ ಹೊರಗಿಟ್ಟದ್ದು ವಿವೇಕದ ಕೆಲಸ. ಸರ್ಕಾರಿ ಗುರುತಿನ ಚೀಟಿಯೊಂದನ್ನೇ ಕೇಳುವಂತಿಲ್ಲ, ಬೇರೆ ದಾರಿಯೂ ಇರಬೇಕು ಎಂಬ ನಿಯಮ ಕೊನೆಯ ಗಳಿಗೆಯಲ್ಲಾದರೂ ಸೇರಿಕೊಂಡಿತು. ಒಳ್ಳೆಯದನ್ನು ಒಳ್ಳೆಯದೆಂದೇ ಹೇಳಬೇಕು.

ಆದರೆ ಆ ಬೇರೆ ದಾರಿ ಯಾವುದು? ಕ್ಯಾಮೆರಾದ ಮುಂದೆ ಮುಖ ಹಿಡಿದರೆ ವಯಸ್ಸನ್ನು ಅಂದಾಜು ಮಾಡುವ ತಂತ್ರಾಂಶ ಅದರಲ್ಲಿ ಮುಖ್ಯವಾದದ್ದು. ಇಂಥ ತಂತ್ರಾಂಶಗಳು ಕೆಲಸ ಮಾಡುತ್ತವೆಯೇ ಎಂದು ನೋಡಲು ಸರ್ಕಾರವೇ ಒಂದು ಪ್ರಯೋಗ ನಡೆಸಿತು. ಅದರ ಅಂತಿಮ ವರದಿ ಹೊರಬಿದ್ದದ್ದು ಕಾನೂನು ಪಾಸಾಗಿ ಒಂಬತ್ತು ತಿಂಗಳಾದ ಮೇಲೆ. ತಾಳಿ ಕಟ್ಟಿದ ಮೇಲೆ ಜಾತಕ ತರಿಸಿ ನೋಡಿದ ಹಾಗೆ. ಬಿಳಿಯರಲ್ಲದವರ ಮುಖಗಳಲ್ಲಿ, ಹದಿನಾರರ ಆಸುಪಾಸಿನ ಹುಡುಗಿಯರಲ್ಲಿ ಅಂದಾಜಿನ ನಿಖರತೆ ಕಡಿಮೆ ಎಂದು ಆ ವರದಿಯೇ ಒಪ್ಪಿಕೊಂಡಿದೆ. ನಮ್ಮ ಮನೆಗಳಲ್ಲಿ ಇರುವ ಮುಖಗಳು ಯಾವ ಬಣ್ಣದವು ಎಂದು ನಿಮಗೆ ಹೇಳಬೇಕಾಗಿಲ್ಲ. ಹದಿನೇಳು ತುಂಬಿದ ಹುಡುಗಿಯನ್ನು ಯಂತ್ರ ಹದಿನೈದೆಂದು ಎಣಿಸಿದರೆ ಅವಳು ಪಾಸ್‌ಪೋರ್ಟನ್ನು ತೋರಿಸಿಯೇ ಹೊರಬರಬೇಕು. ಅಂದರೆ ಐಚ್ಛಿಕ ಎಂದ ಗುರುತಿನ ಚೀಟಿ ಕೆಲವು ಬಣ್ಣದವರಿಗೆ ಹೆಚ್ಚು ಕಡ್ಡಾಯ. ಹಾಗೆ ತೋರಿಸಿದ ಚೀಟಿಗಳ ಗತಿ ಏನಾಗಬಹುದು ಎಂಬುದಕ್ಕೂ ಉದಾಹರಣೆ ದೂರವಿಲ್ಲ: 2025ರ ಅಕ್ಟೋಬರಿನಲ್ಲಿ ಹರಟೆಯ ಆ್ಯಪ್ ಡಿಸ್ಕಾರ್ಡ್‌ನ ಹೊರಗುತ್ತಿಗೆ ಸೇವೆಯೊಂದರ ಮೂಲಕ ಸುಮಾರು 70,000 ಬಳಕೆದಾರರ ಸರ್ಕಾರಿ ಗುರುತಿನ ಚೀಟಿಯ ಚಿತ್ರಗಳು ಸೋರಿದವು. ಅವನ್ನು ಪಡೆದಿದ್ದುದೇ ವಯಸ್ಸಿನ ತಕರಾರುಗಳನ್ನು ಬಗೆಹರಿಸಲು.

ಯೂಟ್ಯೂಬ್‌ನ ಕತೆ ಇನ್ನೂ ವಿಚಿತ್ರ. ಅದು ಶಿಕ್ಷಣಕ್ಕೆ ಬಳಕೆಯಾಗುತ್ತದೆ, ಆದ್ದರಿಂದ ಹೊರಗಿಡುತ್ತೇವೆ ಎಂದು ಮಸೂದೆಯ ಸಮಯದಲ್ಲಿ ಭರವಸೆ ಕೊಟ್ಟಿರಿ. 2025ರ ಜುಲೈನಲ್ಲಿ ಆನ್‌ಲೈನ್ ಸುರಕ್ಷತೆಯ ಹೊಣೆ ಹೊತ್ತ ಇಸೇಫ್ಟಿ ಆಯುಕ್ತರ ಸಲಹೆಯ ಮೇರೆಗೆ ಒಳಗೆ ಸೇರಿಸಿದಿರಿ. ಈಗ ಹದಿನಾರರ ಒಳಗಿನವರಿಗೆ ಅಲ್ಲಿ ಖಾತೆಯಿಲ್ಲ. ಆದರೆ ಖಾತೆಯಿಲ್ಲದೆ ನೋಡುವುದಕ್ಕೆ ಅಡ್ಡಿಯೂ ಇಲ್ಲ. ನನ್ನ ಮಗನಿಗೆ ಹದಿಮೂರು, ತಾಳಮದ್ದಲೆಯ ಹುಚ್ಚಿನವನು. ಅವನ ಖಾತೆಗೆ ನಾನು ಹಾಕಿದ್ದ ಪೋಷಕರ ನಿಯಂತ್ರಣಗಳು ಖಾತೆಯ ಜೊತೆಗೇ ಹೋದವು. ಈಗ ಅವನು ಯಾರೂ ಅಲ್ಲದ ಅನಾಮಿಕನಾಗಿ ನೋಡುತ್ತಾನೆ, ಪಕ್ಕದಲ್ಲಿ ಏನು ತೇಲಿಬರುತ್ತದೆ ಎಂಬುದರ ಮೇಲೆ ನನಗೆ ಹಿಡಿತವಿಲ್ಲ. ಊರಿನ ಅಜ್ಜಿಯ ಜೊತೆ ಮಾತಾಡುವ ವಾಟ್ಸ್ಆ್ಯಪ್ ಅನ್ನು ಬಿಟ್ಟಿದ್ದೀರಿ, ಪುಣ್ಯ. 2026ರ ಜನವರಿಯಲ್ಲಿ 47 ಲಕ್ಷ ಖಾತೆಗಳು ಮುಚ್ಚಿವೆ ಎಂದು ಸರ್ಕಾರ ಸಂಭ್ರಮಿಸಿತು. ಅದು ಖಾತೆಗಳ ಲೆಕ್ಕ. ಮಕ್ಕಳು ಎಲ್ಲಿ ಹೋದರು, ಏನು ನೋಡುತ್ತಿದ್ದಾರೆ ಎಂಬುದು ಆ ಲೆಕ್ಕದೊಳಗೆ ಬರುವುದಿಲ್ಲ.

ಇದೊಂದೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ನಿಮ್ಮದು ಹಳೆಯ ಚಾಳಿ. ಸಂದೇಶಗಳ ಗೂಢಲಿಪಿಯನ್ನು ದಾಟಲು ತನಿಖಾ ಸಂಸ್ಥೆಗಳಿಗೆ ಕಂಪನಿಗಳು ನೆರವಾಗಲೇಬೇಕೆಂಬ ಕಾನೂನು 2018ರ ಡಿಸೆಂಬರ್ 6ರಂದು, ಅದೂ ವರ್ಷದ ಕೊನೆಯ ಕಲಾಪದ ದಿನವೇ, ಪಾಸಾಯಿತು. ತಿದ್ದುಪಡಿ ತರುತ್ತೇವೆಂದಿದ್ದ ವಿರೋಧ ಪಕ್ಷ ಕತ್ತಲಾಗುವ ಹೊತ್ತಿಗೆ ಅವನ್ನು ಕೈಬಿಟ್ಟು ಮತ ಹಾಕಿತು. ಅಂದಿನ ವಿರೋಧ ಪಕ್ಷವೇ ಇಂದಿನ ಆಡಳಿತ ಪಕ್ಷ. ಅದಕ್ಕೂ ಹಿಂದಿನ ವರ್ಷ, ಗೂಢಲಿಪಿ ಗಣಿತದ ಮೇಲೆ ನಿಂತಿದೆಯಲ್ಲ ಎಂದು ಕೇಳಿದವರಿಗೆ ಪ್ರಧಾನಿ ಮಾಲ್ಕಂ ಟರ್ನ್‌ಬುಲ್ ಕೊಟ್ಟ ಉತ್ತರ ನಮ್ಮ ವೃತ್ತಿಯವರಿಗೆ ಇವತ್ತಿಗೂ ನಗೆ ತರಿಸುತ್ತದೆ: ಗಣಿತದ ನಿಯಮಗಳು ಮೆಚ್ಚತಕ್ಕವೇ, ಆದರೆ ಆಸ್ಟ್ರೇಲಿಯಾದಲ್ಲಿ ನಡೆಯುವುದು ಆಸ್ಟ್ರೇಲಿಯಾದ ಕಾನೂನು ಮಾತ್ರ. ಇಲ್ಲಿನ ಕನ್ನಡಿಗರಲ್ಲಿ ಬಹಳ ಜನ ಕೂತಿರುವುದು ಸಾಫ್ಟ್‌ವೇರ್ ಕಂಪನಿಗಳಲ್ಲೇ. ಅಂಥ ನೋಟಿಸು ಕಂಪನಿಗೆ ಬಂದದ್ದನ್ನು ಬಾಯಿಬಿಟ್ಟವರಿಗೆ ಐದು ವರ್ಷದವರೆಗೆ ಜೈಲು ಎಂದು ಆ ಕಾನೂನು ಹೇಳುತ್ತದೆ. ನಗು ಅಲ್ಲಿಗೆ ನಿಲ್ಲುತ್ತದೆ.

2015ರ ಮೆಟಾಡೇಟಾ ಕಾನೂನನ್ನೂ ನೆನೆಯಿರಿ. ಯಾರು ಯಾರಿಗೆ, ಯಾವಾಗ, ಎಲ್ಲಿಂದ ಕರೆ ಮಾಡಿದರು ಎಂಬ ವಿವರವನ್ನು ದೂರಸಂಪರ್ಕ ಕಂಪನಿಗಳು ಎರಡು ವರ್ಷ ಕೂಡಿಡಲೇಬೇಕು. ತನಿಖಾ ಸಂಸ್ಥೆಗಳು ಅದನ್ನು ನ್ಯಾಯಾಲಯದ ವಾರಂಟ್ ಇಲ್ಲದೆಯೇ ನೋಡಬಹುದು. ಭಯೋತ್ಪಾದನೆ ಮತ್ತು ಘೋರ ಅಪರಾಧಗಳಿಗಾಗಿ ಎಂದು ಹೇಳಿ ತಂದಿರಿ. ಪಕ್ಕದ ಬಾಗಿಲಿನಿಂದ ಸ್ಥಳೀಯ ಕೌನ್ಸಿಲ್‌ಗಳೂ ಅದನ್ನು ಕೇಳಿ ಪಡೆದವು. ಆ ಬಾಗಿಲು ಮುಚ್ಚಿ ಎಂದು ನಿಮ್ಮದೇ ಜಂಟಿ ಸಮಿತಿ 2020ರಲ್ಲಿ ಶಿಫಾರಸು ಮಾಡಿತು. ಎಂಟು ದಿನದಲ್ಲಿ ಕಾನೂನು ಮಾಡಬಲ್ಲ ಸಂಸತ್ತಿಗೆ ಆ ಶಿಫಾರಸಿನ ವಿಷಯದಲ್ಲಿ ಎಂಥ ಅವಸರವೂ ಕಾಣಲಿಲ್ಲ.

ಫೋನಿನ ವಿವರಗಳನ್ನು ಕಂಡು ನಾವೇಕೆ ಇಷ್ಟು ಹೆದರುತ್ತೇವೆ ಎಂದು ನಿಮಗೆ ಆಶ್ಚರ್ಯವಾಗಬಹುದು. ಮುಚ್ಚಿಡುವಂಥದ್ದು ಏನೂ ಇಲ್ಲದವರು ಹೆದರಬೇಕಾಗಿಲ್ಲ ಎಂಬ ಮಾತನ್ನು ನಿಮ್ಮ ಪೈಕಿ ಹಲವರಿಂದ ಕೇಳಿದ್ದೇನೆ. ಅದಕ್ಕೆ ಕರ್ನಾಟಕದವರು ಕೊಡುವ ಉತ್ತರದಲ್ಲಿ ಒಂದು ಹೆಸರಿದೆ: ಡಾ. ಮೊಹಮ್ಮದ್ ಹನೀಫ್.

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯವರು, ಬೆಂಗಳೂರಿನಲ್ಲಿ ವೈದ್ಯಕೀಯ ಓದಿದವರು, ಕ್ವೀನ್ಸ್‌ಲ್ಯಾಂಡಿನ ಗೋಲ್ಡ್ ಕೋಸ್ಟ್‌ನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದವರು. 2007ರ ಜುಲೈ 2ರಂದು, ಕೆಲವೇ ದಿನಗಳ ಹಿಂದೆ ಹುಟ್ಟಿದ ಮಗಳನ್ನು ನೋಡಲು ಬೆಂಗಳೂರಿಗೆ ಹೊರಟಿದ್ದಾಗ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧನ. ಆರೋಪವನ್ನೇ ಹೊರಿಸದೆ ಹನ್ನೆರಡು ದಿನ ವಶದಲ್ಲಿಟ್ಟುಕೊಂಡರು. ಅವರ ವಿರುದ್ಧ ಇದ್ದ ದೊಡ್ಡ ಸಾಕ್ಷ್ಯ ಒಂದು ಸಿಮ್ ಕಾರ್ಡ್. ಹಿಂದಿನ ವರ್ಷ ಇಂಗ್ಲೆಂಡ್ ಬಿಡುವಾಗ ಬಳಸದೆ ಉಳಿಯುತ್ತದೆಂದು ಸಂಬಂಧಿಕನಿಗೆ ಕೊಟ್ಟು ಬಂದಿದ್ದು. ಊರು ಬಿಡುವಾಗ ಉಳಿದ ಸಾಮಾನನ್ನು ಬಂಧುಗಳಿಗೆ ಕೊಟ್ಟು ಹೊರಡದ ವಲಸಿಗ ಯಾರಿದ್ದಾನೆ? ಆ ಬಂಧನಕ್ಕೆ ಎರಡು ದಿನ ಮೊದಲು ಭಯೋತ್ಪಾದಕರು ಸ್ಕಾಟ್ಲೆಂಡಿನ ಗ್ಲಾಸ್ಗೊ ವಿಮಾನ ನಿಲ್ದಾಣಕ್ಕೆ ನುಗ್ಗಿಸಿದ ಜೀಪಿನಲ್ಲಿ ಆ ಸಿಮ್ ಸಿಕ್ಕಿತೆಂದು ಸರ್ಕಾರಿ ವಕೀಲರು ನ್ಯಾಯಾಲಯಕ್ಕೆ ಹೇಳಿದರು. ಅದು ಸುಳ್ಳು. ಸಿಮ್ ಇದ್ದದ್ದು ಅಲ್ಲಿಂದ ಬಹುದೂರದ ಲಿವರ್‌ಪೂಲ್‌ನಲ್ಲಿ.

ಜುಲೈ 16ರಂದು ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟರು. ಕೆಲವೇ ಗಂಟೆಗಳಲ್ಲಿ ವಲಸೆ ಸಚಿವ ಕೆವಿನ್ ಆ್ಯಂಡ್ರ್ಯೂಸ್ ವೀಸಾ ರದ್ದುಮಾಡಿದರು. ಜಾಮೀನು ಸಿಕ್ಕಿಯೂ ಬಿಡುಗಡೆ ಇಲ್ಲ. ಹನ್ನೊಂದು ದಿನಗಳ ನಂತರ ಆರೋಪವೇ ಬಿದ್ದುಹೋಯಿತು. ಆಗಸ್ಟ್‌ನಲ್ಲಿ ಫೆಡರಲ್ ನ್ಯಾಯಾಲಯ ವೀಸಾ ರದ್ದತಿಯನ್ನೂ ಅಳಿಸಿಹಾಕಿತು. ಗಂಟೆಗಳಲ್ಲಿ ವೀಸಾ ಕಿತ್ತುಕೊಂಡ ಸರ್ಕಾರ, ತಪ್ಪು ಹೇಗಾಯಿತೆಂದು ತಿಳಿಯಲು ನ್ಯಾಯಮೂರ್ತಿ ಜಾನ್ ಕ್ಲಾರ್ಕ್ ಅವರ ವಿಚಾರಣೆ ಮುಗಿಯುವವರೆಗೆ, ಅಂದರೆ 2008ರ ಕೊನೆಯವರೆಗೆ ಕಾಯಿಸಿತು. ಪರಿಹಾರ ಕೊಡುವಷ್ಟರಲ್ಲಿ 2010ರ ಡಿಸೆಂಬರ್. ಆಗ ಸಂಸತ್ತಿನಲ್ಲಿದ್ದವರು ಇವತ್ತು ನಿಮ್ಮಲ್ಲಿ ಕೆಲವರೇ ಇರಬಹುದು. ಆದರೆ ಒಂದು ಸಿಮ್ ಕಾರ್ಡಿನ ಸುತ್ತ ಎಂಥ ಕತೆಯನ್ನು ಕಟ್ಟಬಹುದು ಎಂಬುದನ್ನು ನಾವು ಅಲ್ಲಿ ಕಂಡೆವು. ಈಗ ಕೂಡಿಟ್ಟಿರುವುದು ಒಂದು ಸಿಮ್ಮಿನ ಮಾಹಿತಿಯಲ್ಲ, ಇಡೀ ದೇಶದ ಎಲ್ಲ ಸಿಮ್‌ಗಳ ಎರಡು ವರ್ಷದ ಮಾಹಿತಿ.

ಅದೇ ಪ್ರಕರಣ ಮಾಧ್ಯಮದ ಎರಡೂ ಮುಖಗಳನ್ನು ತೋರಿಸಿತು. ಗೋಲ್ಡ್ ಕೋಸ್ಟ್‌ನ ಎತ್ತರದ ಕಟ್ಟಡವನ್ನು ಉಡಾಯಿಸುವ ಸಂಚಿನ ಬಗ್ಗೆ ತನಿಖೆ ನಡೆದಿದೆ ಎಂದು ಭಾನುವಾರದ ಪತ್ರಿಕೆಯೊಂದು ಬರೆಯಿತು. ಫೆಡರಲ್ ಪೊಲೀಸ್ ಮುಖ್ಯಸ್ಥರೇ ಅದನ್ನು ಅಲ್ಲಗಳೆಯಬೇಕಾಯಿತು. ಸಿಮ್ ಜೀಪಿನಲ್ಲಿ ಇರಲಿಲ್ಲವೆಂದು ಬಯಲು ಮಾಡಿದವರು ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿಯ ವರದಿಗಾರರು. ಮೊದಲ ಪೊಲೀಸ್ ವಿಚಾರಣೆಯ ದಾಖಲೆಯನ್ನು ಹನೀಫ್ ಅವರ ವಕೀಲ ಸ್ಟೀಫನ್ ಕೀಮ್ ‘ದಿ ಆಸ್ಟ್ರೇಲಿಯನ್’ ಪತ್ರಿಕೆಗೆ ಕೊಟ್ಟರು. ಅದು ಅಚ್ಚಾದ ಮೇಲೆ ಪ್ರಕರಣದ ದಿಕ್ಕೇ ಬದಲಾಯಿತು. ಮಾಹಿತಿ ಹೊರಗೆ ತಂದವರು, ಅದನ್ನು ಅಚ್ಚುಹಾಕಿದವರು ಇಲ್ಲದಿದ್ದರೆ ಆ ವೈದ್ಯರ ಗತಿ ಏನಾಗುತ್ತಿತ್ತು?

ಅಂಥವರನ್ನು ನೀವು ಹೇಗೆ ನಡೆಸಿಕೊಂಡಿದ್ದೀರಿ ಎಂಬುದು ಜಗತ್ತಿಗೆ ಗೊತ್ತಿದೆ. 2017ರಲ್ಲಿ ಪತ್ರಕರ್ತರೊಬ್ಬರ ಮೆಟಾಡೇಟಾವನ್ನು, ಪತ್ರಕರ್ತರ ವಿಷಯದಲ್ಲಿ ಮಾತ್ರ ಬೇಕಾದ ವಾರಂಟ್ ಪಡೆಯದೆ ನೋಡಿದೆವೆಂದು ಫೆಡರಲ್ ಪೊಲೀಸರೇ ಒಪ್ಪಿಕೊಂಡರು. 2019ರ ಜೂನ್ 4ರಂದು ಮರ್ಡಾಕ್ ಕುಟುಂಬದ ಮಾಧ್ಯಮ ಸಂಸ್ಥೆ ನ್ಯೂಸ್ ಕಾರ್ಪ್‌ನ ಪತ್ರಕರ್ತೆ ಆನಿಕಾ ಸ್ಮೆಥರ್ಸ್ಟ್ ಅವರ ಮನೆಯ ಮೇಲೆ, ಮರುದಿನ ಸಿಡ್ನಿಯ ಎಬಿಸಿ ಕಚೇರಿಯ ಮೇಲೆ ದಾಳಿ. ಮೊದಲನೆಯದರ ವಾರಂಟ್ ಅಸಿಂಧು ಎಂದು ಹೈಕೋರ್ಟ್ 2020ರಲ್ಲಿ ತೀರ್ಪಿತ್ತಿತು. ಇಲ್ಲಿ ಹೈಕೋರ್ಟೇ ದೇಶದ ಪರಮೋಚ್ಚ ನ್ಯಾಯಾಲಯ ಎಂದು ಊರಿನ ಓದುಗರಿಗೆ ಹೇಳಿಬಿಡುತ್ತೇನೆ. ಅಫ್ಘಾನಿಸ್ತಾನದಲ್ಲಿ ಆಸ್ಟ್ರೇಲಿಯನ್ ಸೈನಿಕರ ನಡವಳಿಕೆಯ ಬಗೆಗಿನ ದಾಖಲೆಗಳನ್ನು ಎಬಿಸಿಗೆ ಕೊಟ್ಟ ಸೇನಾ ವಕೀಲ ಡೇವಿಡ್ ಮೆಕ್‌ಬ್ರೈಡ್ ಅವರಿಗೆ 2024ರ ಮೇ ತಿಂಗಳಲ್ಲಿ ಐದು ವರ್ಷ ಎಂಟು ತಿಂಗಳ ಸಜೆಯಾಯಿತು. ಸರ್ಕಾರ ಬದಲಾಗಿತ್ತು, ಮೊಕದ್ದಮೆ ಬದಲಾಗಲಿಲ್ಲ.

ಇನ್ನು ಮಾಧ್ಯಮದ ವಿಶ್ವಾಸಾರ್ಹತೆ. ಬ್ರಿಸ್ಬೇನ್, ಅಡಿಲೇಡ್, ಹೋಬಾರ್ಟ್, ಡಾರ್ವಿನ್ ನಗರಗಳಲ್ಲಿ ಅಚ್ಚಾಗುವ ಸ್ಥಳೀಯ ದಿನಪತ್ರಿಕೆ ಒಂದೊಂದೇ. ನಾಲ್ಕರ ಒಡೆತನವೂ ನ್ಯೂಸ್ ಕಾರ್ಪ್‌ನದು. ಬೆಂಗಳೂರಿನಲ್ಲಿ ಬೆಳಿಗ್ಗೆ ಪೇಪರ್ ಹುಡುಗನ ಸೈಕಲ್ಲಿನಲ್ಲಿ ಆರೇಳು ಕನ್ನಡ ಪತ್ರಿಕೆಗಳನ್ನು ಕಂಡವರಿಗೆ ಇದು ನಂಬುವಂತಿರುವುದಿಲ್ಲ. ಮರ್ಡಾಕ್ ಮಾಧ್ಯಮದ ಮೇಲೆ ರಾಯಲ್ ಕಮಿಷನ್, ಅಂದರೆ ಉನ್ನತ ವಿಚಾರಣಾ ಆಯೋಗ, ಬೇಕೆಂದು 2020ರಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಸಂಸತ್ತಿಗೆ ಸಹಿ ಮಾಡಿ ಕಳುಹಿಸಿದರು. 2021ರ ಕೊನೆಯಲ್ಲಿ ಸೆನೆಟ್ ಸಮಿತಿಯೇ ನ್ಯಾಯಾಂಗದ ಅಧಿಕಾರವುಳ್ಳ ವಿಚಾರಣೆಗೆ ಶಿಫಾರಸು ಮಾಡಿತು. ಇದಕ್ಕೂ ಅವಸರ ಬಂದಿಲ್ಲ.

ಮಕ್ಕಳ ಕಾನೂನಿಗಾಗಿ 2024ರ ಮೇ ತಿಂಗಳಿನಿಂದ ಮುಖಪುಟಗಳಲ್ಲಿ ಆಂದೋಲನ ನಡೆಸಿದ್ದು ಇದೇ ಪತ್ರಿಕಾ ಸಮೂಹ. ಅದಕ್ಕೂ ಎರಡು ತಿಂಗಳ ಹಿಂದೆ, ಸುದ್ದಿಗೆ ಹಣ ಕೊಡುವ ಒಪ್ಪಂದಗಳನ್ನು ನವೀಕರಿಸುವುದಿಲ್ಲವೆಂದು ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ ಹೇಳಿತ್ತು. ಎರಡಕ್ಕೂ ಕಾರ್ಯಕಾರಣ ಸಂಬಂಧವಿದೆ ಎಂದು ನಾನು ಆರೋಪಿಸುತ್ತಿಲ್ಲ. ಮಕ್ಕಳ ಕಾಳಜಿ ನಿಜವೇ ಇರಬಹುದು. ಆದರೆ ಮೆಟಾದೊಂದಿಗೆ ಹಣದ ವ್ಯವಹಾರವಿರುವ ಸಂಸ್ಥೆ ಮೆಟಾದ ವಿರುದ್ಧ ಕಾನೂನು ಕೇಳುವಾಗ, ಆ ವ್ಯವಹಾರದ ವಿಷಯ ಪ್ರತಿ ವರದಿಯ ಕೆಳಗೆ ಒಂದು ಸಾಲಿನಲ್ಲಿ ಇರಬೇಕಿತ್ತು. ಅಂಥ ಸಾಲನ್ನು ನೋಡಿದ ನೆನಪು ನನಗಿಲ್ಲ.

ಸುಳ್ಳು ಸುದ್ದಿಯನ್ನು ತಡೆಯುವ ಮಸೂದೆಯೊಂದನ್ನೂ 2024ರಲ್ಲಿ ನೀವು ತಂದಿದ್ದಿರಿ. ವೃತ್ತಿಪರ ಸುದ್ದಿಸಂಸ್ಥೆಗಳ ಬರಹಕ್ಕೆ ಅದರಲ್ಲಿ ವಿನಾಯಿತಿ. ಅದೇ ವರ್ಷದ ಏಪ್ರಿಲ್ 13ರಂದು ಬಾಂಡೈ ಜಂಕ್ಷನ್‌ನ ಮಾಲ್‌ನಲ್ಲಿ ಆರು ಜನರನ್ನು ಇರಿದು ಕೊಂದಾಗ, ಜಾಲತಾಣದಲ್ಲಿ ಹರಿದಾಡಿದ ತಪ್ಪು ಹೆಸರನ್ನೆತ್ತಿ, ಏನೂ ಅರಿಯದ ವಿದ್ಯಾರ್ಥಿಯೊಬ್ಬನನ್ನು ಕೊಲೆಗಾರನೆಂದು ಪ್ರಸಾರ ಮಾಡಿದ್ದು ಸೆವೆನ್ ವಾಹಿನಿ. ಕ್ಷಮೆ ಕೇಳಿ ಹಣ ಕೊಟ್ಟು ರಾಜಿ ಮಾಡಿಕೊಂಡಿತು. ವದಂತಿಗೆ ಟಿವಿಯ ಮುದ್ರೆ ಬಿದ್ದಾಗ ಅದು ಎಷ್ಟು ಪಟ್ಟು ಘೋರವಾಗುತ್ತದೆ ಎಂದು ನೋಡಿದವರು ಆ ವಿನಾಯಿತಿಯನ್ನು ಹೇಗೆ ಒಪ್ಪುತ್ತಾರೆ? ಮಸೂದೆಯನ್ನು ನವೆಂಬರ್ 24ರಂದು ಹಿಂತೆಗೆದುಕೊಂಡಿರಿ, ಸಂತೋಷ. ಯಾವುದು ಸತ್ಯ ಎಂದು ನಿರ್ಧರಿಸುವ ಕೆಲಸವನ್ನು ಸರ್ಕಾರಕ್ಕೆ ಕೊಡಬೇಕೆಂದು ನಾನು ಎಂದಿಗೂ ಕೇಳುವುದಿಲ್ಲ. ಆದರೆ ಪತ್ರಿಕೆಗಳ ಮೇಲಿನ ದೂರು ಕೇಳಲು ಈಗ ಇರುವುದು ಪ್ರಕಾಶಕರ ಹಣದಲ್ಲೇ ನಡೆಯುವ, ಒಂದು ಡಾಲರ್ ದಂಡವನ್ನೂ ಹಾಕಲಾಗದ ಪ್ರೆಸ್ ಕೌನ್ಸಿಲ್. ಸರ್ಕಾರದ ಕೈಗೊಂಬೆಯೂ ಅಲ್ಲದ, ಪ್ರಕಾಶಕರ ಕೂಸೂ ಅಲ್ಲದ ಒಂದು ವ್ಯವಸ್ಥೆಯನ್ನು ಯೋಚಿಸಲು ಸಾಧ್ಯವಿಲ್ಲವೇ?

ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿಯ ಮೇಲೆ ನನಗೆ ಗೌರವವಿದೆ, ಆದ್ದರಿಂದಲೇ ಬೇಸರ ಹೆಚ್ಚು. ಐದು ದಿನದ ಕೆಲಸಕ್ಕೆ ಕರೆದ ಆ್ಯಂಟ್ವನೆಟ್ ಲಟ್ಟೂಫ್ ಅವರನ್ನು, ಗಾಜಾ ಕುರಿತ ಮಾನವ ಹಕ್ಕು ಸಂಸ್ಥೆಯೊಂದರ ಪೋಸ್ಟ್ ಹಂಚಿಕೊಂಡದ್ದಕ್ಕೆ 2023ರ ಡಿಸೆಂಬರಿನಲ್ಲಿ ಮೂರನೇ ದಿನಕ್ಕೇ ಹೊರಗಿಟ್ಟರು. ಅದು ಕಾನೂನುಬಾಹಿರ ಎಂದು ಫೆಡರಲ್ ನ್ಯಾಯಾಲಯ 2025ರ ಜೂನ್‌ನಲ್ಲಿ ಹೇಳಿತು. ದೂರಿನ ಇಮೇಲ್‌ಗಳ ಪ್ರವಾಹಕ್ಕೆ ಬಾಗಿದ ಸಂಸ್ಥೆ, ನಾಳೆ ನಮ್ಮಂಥ ಸಣ್ಣ ಸಮುದಾಯದ ಪರ ನಿಲ್ಲಬೇಕಾದಾಗ ಬಾಗುವುದಿಲ್ಲವೆಂದು ನಂಬುವುದು ಹೇಗೆ? ಈ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. 2025ರ ಆಗಸ್ಟ್ 31ರಂದು ನಗರ ನಗರಗಳಲ್ಲಿ ನಡೆದ ವಲಸೆ ವಿರೋಧಿ ಮೆರವಣಿಗೆಗಳ ಪ್ರಚಾರದಲ್ಲಿ ಹೆಸರಿಟ್ಟು ಬೆರಳು ತೋರಿಸಿದ್ದು ಭಾರತೀಯರತ್ತ. ಆ ವಾರ ಶಾಲೆಯಲ್ಲಿ ನಮ್ಮ ಮಕ್ಕಳು ಏನು ಕೇಳಿಸಿಕೊಂಡರು ಎಂಬುದನ್ನು ನಿಮ್ಮ ಯಾವ ಕಾನೂನೂ ತಡೆಯಲಿಲ್ಲ.

ಖಾಸಗಿ ಮಾಹಿತಿಯ ರಕ್ಷಣೆಯ ವಿಷಯಕ್ಕೆ ಬರೋಣ, ಏಕೆಂದರೆ ವಲಸಿಗರು ಇದರಲ್ಲಿ ಎಲ್ಲರಿಗಿಂತ ಮುಂದೆ ನಿಂತು ಪೆಟ್ಟು ತಿನ್ನುತ್ತಾರೆ. ಇಲ್ಲಿ ಬಾಡಿಗೆ ಮನೆ ಸಿಗಬೇಕಾದರೆ ಪಾಸ್‌ಪೋರ್ಟ್, ವೀಸಾ, ಸಂಬಳದ ಚೀಟಿ, ಬ್ಯಾಂಕ್ ವಿವರ ಎಲ್ಲವನ್ನೂ ಏಜೆಂಟರಿಗೆ ಕಳುಹಿಸಬೇಕು. ಮನೆ ಒಂದು ಸಿಗುತ್ತದೆ, ಅರ್ಜಿ ಹತ್ತು ಕಡೆ ಹೋಗಿರುತ್ತದೆ. ನನ್ನ ಪಾಸ್‌ಪೋರ್ಟಿನ ಪ್ರತಿ ಎಷ್ಟು ಕಂಪ್ಯೂಟರ್‌ಗಳಲ್ಲಿ ಕೂತಿದೆಯೋ ದೇವರೇ ಬಲ್ಲ. 2022ರ ಸೆಪ್ಟೆಂಬರಿನಲ್ಲಿ ದೂರಸಂಪರ್ಕ ಕಂಪನಿ ಆಪ್ಟಸ್‌ನಿಂದ ಸುಮಾರು 98 ಲಕ್ಷ, ಮುಂದಿನ ತಿಂಗಳೇ ಆರೋಗ್ಯ ವಿಮಾ ಕಂಪನಿ ಮೆಡಿಬ್ಯಾಂಕ್‌ನಿಂದ ಸುಮಾರು 97 ಲಕ್ಷ ಜನರ ಮಾಹಿತಿ ಕಳವಾಯಿತು. ಎರಡನೆಯದರಲ್ಲಿ ಕಾಯಿಲೆಗಳ ವಿವರವೂ ಇತ್ತು. ಆದರೂ ವರ್ಷಕ್ಕೆ 30 ಲಕ್ಷ ಡಾಲರ್‌ಗಿಂತ ಕಡಿಮೆ ವಹಿವಾಟಿನ ಬಹುತೇಕ ಉದ್ಯಮಗಳು 1988ರ ಗೋಪ್ಯತಾ ಕಾಯ್ದೆಯ ಹೊರಗಿವೆ. ಬೀದಿ ಮೂಲೆಯ ಸಣ್ಣ ರಿಯಲ್ ಎಸ್ಟೇಟ್ ಏಜೆಂಟ್ ಕೂಡ ಆ ಪಟ್ಟಿಯಲ್ಲಿ ಬರಬಹುದು. ಹೊರಗಿರುವವರು ಇನ್ನೂ ಒಬ್ಬರಿದ್ದಾರೆ: ರಾಜಕೀಯ ಪಕ್ಷಗಳು. ಅಂದರೆ ನೀವೇ. ನನ್ನ ಬಗ್ಗೆ ನಿಮ್ಮ ಪಕ್ಷದ ಕಚೇರಿಯಲ್ಲಿ ಏನೇನು ಬರೆದಿಟ್ಟಿದ್ದೀರಿ ಎಂದು ಕೇಳಿದರೆ ಉತ್ತರಿಸುವ ಹಂಗು ನಿಮಗಿಲ್ಲ.

ಈ ಎರಡೂ ವಿನಾಯಿತಿಗಳನ್ನು ತೆಗೆಯಿರಿ ಎಂದು ನಿಮ್ಮ ಕಾನೂನು ಸುಧಾರಣಾ ಆಯೋಗ ಹೇಳಿದ್ದು 2008ರಲ್ಲಿ. 2023ರಲ್ಲಿ ಅಟಾರ್ನಿ ಜನರಲ್ ಇಲಾಖೆಯ ಪರಿಶೀಲನೆ 116 ಸಲಹೆಗಳನ್ನು ಮುಂದಿಟ್ಟಿತು. ಅವುಗಳಲ್ಲಿ 38ಕ್ಕೆ ಒಪ್ಪಿಗೆ, 68ಕ್ಕೆ ‘ತಾತ್ವಿಕ’ ಒಪ್ಪಿಗೆ, ಉಳಿದ ಹತ್ತನ್ನು ಗಮನಿಸಿದ್ದೇವೆ ಎಂಬ ಷರಾ. 2024ರ ಕೊನೆಯಲ್ಲಿ ಬಂದ ತಿದ್ದುಪಡಿ ಈ ಎರಡನ್ನೂ ಮುಟ್ಟಲಿಲ್ಲ. ಅದೇ ವಾರವೇ ಮಕ್ಕಳ ಕಾನೂನು ಎಂಟು ದಿನದಲ್ಲಿ ಓಡಿತು. ಇದಕ್ಕಿಂತ ಸ್ಪಷ್ಟವಾಗಿ ನನ್ನ ದೂರನ್ನು ನಾನು ವಿವರಿಸಲಾರೆ.

ರೋಬೋಡೆಟ್ ಬಗ್ಗೆ ಹೆಚ್ಚು ಬರೆಯುವುದಿಲ್ಲ; ಆ ಗಾಯ ನಿಮಗೂ ನೆನಪಿದೆ. ವರ್ಷದ ಆದಾಯವನ್ನು ಇಪ್ಪತ್ತಾರು ಪಾಕ್ಷಿಕಗಳಿಗೆ ಭಾಗಿಸಿ, ಸರ್ಕಾರಿ ಭತ್ಯೆ ಪಡೆದ ಬಡವರನ್ನು ಸರ್ಕಾರಕ್ಕೆ ಸಾಲಗಾರರೆಂದು ಕರೆದ ಯೋಜನೆ ಅದು. ಕ್ರೂರ ಮತ್ತು ಒರಟು ಎಂದು 2023ರ ಜುಲೈನಲ್ಲಿ ರಾಯಲ್ ಕಮಿಷನ್ ಅದನ್ನು ಬಣ್ಣಿಸಿತು. ಯೋಜನೆ ಶುರುವಾದ ಕೆಲವೇ ತಿಂಗಳಲ್ಲಿ ಜನ ಕೂಗೆಬ್ಬಿಸಿದ್ದರು. ನಿಲ್ಲಿಸಲು ಸರ್ಕಾರಕ್ಕೆ ವರ್ಷಗಳು ಹಿಡಿದವು.

ನಾನು ಕೇಳುವುದು ಯಾವುದೂ ಅಸಾಧ್ಯವಲ್ಲ. ಜನರ ಸಂವಹನ, ಗುರುತು, ಖಾಸಗಿ ಮಾಹಿತಿಗೆ ಸಂಬಂಧಿಸಿದ ಯಾವ ಮಸೂದೆಗೂ ಅಭಿಪ್ರಾಯ ನೀಡಲು ಮೂವತ್ತು ದಿನಗಳಿಗಿಂತ ಕಡಿಮೆ ಸಮಯ ಕೊಡಬಾರದು ಎಂಬುದನ್ನು ಸದನಗಳ ನಿಯಮಗಳಲ್ಲೇ ಬರೆಯಿರಿ. ಮೆಟಾಡೇಟಾ ನೋಡಬೇಕಾದರೆ ಪತ್ರಕರ್ತರದಷ್ಟೇ ಅಲ್ಲ, ಎಲ್ಲರ ವಿಷಯದಲ್ಲೂ ನ್ಯಾಯಾಧೀಶರ ವಾರಂಟ್ ಬೇಕೆಂದು ಮಾಡಿ. 2020ರ ಸಮಿತಿ ಮುಚ್ಚಿ ಎಂದ ಬಾಗಿಲನ್ನು ಮುಚ್ಚಿ. ಸರ್ಕಾರದ ತಪ್ಪನ್ನು ಹೊರಗೆ ಹೇಳುವವರ ರಕ್ಷಣೆಗೆ ಸ್ವತಂತ್ರ ಪ್ರಾಧಿಕಾರ ಬೇಕು. ನೈಜ ತಪ್ಪನ್ನು ಬಯಲಿಗೆ ತಂದವನಿಗೆ ಜೈಲಿನ ಬದಲು ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತದ ವಾದ ಮಂಡಿಸುವ ಹಕ್ಕಾದರೂ ಸಿಗಲಿ. ಗೋಪ್ಯತಾ ಕಾಯ್ದೆಯಿಂದ ನಿಮಗೆ ನೀವೇ ಕೊಟ್ಟುಕೊಂಡಿರುವ ವಿನಾಯಿತಿಯನ್ನು ಮೊದಲು ಕಿತ್ತುಹಾಕಿ, ಆಮೇಲೆ ಸಣ್ಣ ಉದ್ಯಮಗಳಿಗೆ ಬುದ್ಧಿ ಹೇಳಿ. ಮಾಧ್ಯಮ ಒಡೆತನದ ವಿಚಾರಣೆಯನ್ನು ಸೆನೆಟ್ ಸಮಿತಿ ಹೇಳಿದಂತೆ ನಡೆಸಿ.

ಮಕ್ಕಳ ಕಾನೂನಿನ ವಿಷಯದಲ್ಲಿ ಎರಡು ಬೇಡಿಕೆಗಳು ಬೇರೆಯಾಗಿಯೇ ಇವೆ. ಮುಖ ನೋಡಿ ವಯಸ್ಸು ಹೇಳುವ ತಂತ್ರಾಂಶ ಯಾವ ಮೈಬಣ್ಣದವರಲ್ಲಿ ಎಷ್ಟು ಸಲ ಎಡವುತ್ತಿದೆ ಎಂಬ ಅಂಕಿಗಳನ್ನು ಪ್ರತಿ ಕಂಪನಿಯೂ ಆರು ತಿಂಗಳಿಗೊಮ್ಮೆ ಪ್ರಕಟಿಸುವಂತೆ ಇಸೇಫ್ಟಿ ಆಯುಕ್ತರು ಆದೇಶಿಸಬೇಕು. ಪೋಷಕರ ನಿಯಂತ್ರಣವಿರುವ ಖಾತೆಗಳನ್ನು ಮತ್ತೆ ಅನುಮತಿಸಬೇಕೇ ಎಂಬುದನ್ನು ಪೋಷಕರನ್ನೇ ಕೇಳಿ.

ಕೇಳುವ ಸಂದರ್ಭವೂ ಬರಲಿದೆ. ಕಾನೂನು ಜಾರಿಯಾದ ಎರಡು ವರ್ಷದೊಳಗೆ ಸ್ವತಂತ್ರ ಪರಿಶೀಲನೆ ನಡೆಯಬೇಕೆಂದು ನೀವೇ ಬರೆದಿದ್ದೀರಿ; ಅಂದರೆ 2027ರ ಡಿಸೆಂಬರಿನೊಳಗೆ. ಅದಕ್ಕೆ ಯಾರು ಮುಖ್ಯಸ್ಥರು, ಯಾವ ದಿನಾಂಕದವರೆಗೆ ಮನವಿ ಕಳುಹಿಸಬಹುದು, ಇಂಗ್ಲಿಷ್ ಅಲ್ಲದ ಭಾಷೆಗಳಲ್ಲಿ ಬರೆದದ್ದನ್ನು ಸ್ವೀಕರಿಸುತ್ತೀರಾ ಎಂಬುದನ್ನು ಈಗಲೇ ಪ್ರಕಟಿಸಿ. ಒಂದೆರಡು ಪುಟದ ಮಿತಿಯನ್ನು ಈ ಸಲ ಹಾಕಬೇಡಿ. ನಮ್ಮ ಭಾಗದ ಪೋಷಕರು ಒಟ್ಟಾಗಿ ಕುಳಿತು ಬರೆದುಕೊಡುತ್ತೇವೆ. ಹದಿನಾರರ ಒಳಗಿನವರು ತಾವೇ ಬರೆದದ್ದನ್ನೂ ಜೊತೆಗಿಡುತ್ತೇವೆ, ಏಕೆಂದರೆ ಕಳೆದ ಸಲದ ಒಂದು ದಿನದಲ್ಲಿ ಅವರನ್ನು ಕೇಳಿದ್ದು ಬಹಳ ಕಡಿಮೆ.

ಈ ಪತ್ರಕ್ಕೆ ಲಿಖಿತ ಉತ್ತರವನ್ನು ಎದುರು ನೋಡುತ್ತೇನೆ.

ವಂದನೆಗಳೊಂದಿಗೆ,

ಪಶ್ಚಿಮ ಸಿಡ್ನಿಯ ಒಬ್ಬ ಕನ್ನಡಿಗ ಮತದಾರ